ಅರ್ಧ ಟ್ಯಾಂಕಿನ ಕಿವಿ

ಇದು ನಮ್ಮಕ್ಕನ ಕಥೆ. ಆದರೆ ಭಾವನಿಂದ ಶುರು ಮಾಡದಿದ್ದರೆ ಅವರಿಗೆ ಬೇಜಾರಾಗುತ್ತದೆ. ಮನೆಯಲ್ಲಿ ಯಾವ ವಿಷಯವಾದರೂ ತಮ್ಮಿಂದಲೇ ಶುರುವಾಗಬೇಕು ಅನ್ನುವುದು ಅವರ ಅಭ್ಯಾಸ.

ಭಾವನಿಗೆ ಮೇಜು, ಕುರ್ಚಿ, ಮಂಚ ಮಾಡುವ ಒಂದು ಮರಗೆಲಸದ ಶೆಡ್ಡು ಇದೆ. ಆದರೆ ಅವರ ವಿಸಿಟಿಂಗ್ ಕಾರ್ಡಿನ ಮೊದಲ ಸಾಲಿನಲ್ಲಿರುವುದು ‘ಅಧ್ಯಕ್ಷರು, ಹಳೆಯ ವಾಹನ ಮಾಲೀಕರ ಸಂಘ’. ಸಂಘದಲ್ಲಿ ಹನ್ನೊಂದು ಮಂದಿ ಸದಸ್ಯರು, ಓಡುವ ವಾಹನಗಳು ನಾಲ್ಕು. ಉಳಿದ ಏಳರ ಬಗ್ಗೆ ಪ್ರತಿ ಸಭೆಯಲ್ಲೂ ಭರವಸೆ ವ್ಯಕ್ತವಾಗುತ್ತದೆ. ಓಡುವ ನಾಲ್ಕರಲ್ಲಿ ಭಾವನ ಹಸಿರು ಪಿಕಪ್ಪೇ ಎಲ್ಲಕ್ಕಿಂತ ಹಿರಿದು. ಭಾವ ಹುಟ್ಟುವುದಕ್ಕೆ ಎರಡು ವರ್ಷ ಮುಂಚೆ ತಯಾರಾದದ್ದು. ಆ ಮರ್ಯಾದೆಗೆ ಅದನ್ನು ಅವರು ‘ದೊಡ್ಡಣ್ಣ’ ಅನ್ನುತ್ತಾರೆ. ಗಂಡನ ಅಣ್ಣ ಅಂದಮೇಲೆ ಅಕ್ಕನಿಗೆ ಅದು ಭಾವನವರಾಗಬೇಕು. ಅವಳೂ ಬಿಡುವವಳಲ್ಲ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದೆ ಗೊರಗೊರ ಅಂದರೆ ಅಡುಗೆಮನೆಯ ಕಿಟಕಿಯಿಂದಲೇ, "ಭಾವನವರಿಗೆ ಇವತ್ತು ಗಂಟಲು ಸರಿ ಇಲ್ಲ ಅಂತ ಕಾಣುತ್ತೆ ರೀ" ಅನ್ನುತ್ತಾಳೆ.

ದೊಡ್ಡಣ್ಣನಿಗೆ ಪೆಟ್ರೋಲ್ ಮೀಟರ್ ಕೆಟ್ಟು ಇಪ್ಪತ್ತೆರಡು ವರ್ಷವಾಗಿತ್ತು. ಮುಳ್ಳು ಖಾಲಿ ಗೆರೆಗಿಂತಲೂ ಕೆಳಗೆ ಕೈಕಾಲು ಚಾಚಿ ಮಲಗಿಬಿಟ್ಟಿತ್ತು. ಭಾವನಿಗೆ ಅದರಿಂದ ತೊಂದರೆಯಾಗುವುದಿರಲಿ, ಅದರಿಂದಲೇ ಅವರಿಗೆ ಹೆಸರು ಬಂದಿತ್ತು. ಈ ಗಾಡಿಯಲ್ಲಿ ಟ್ಯಾಂಕು ಇರುವುದು ಕ್ಯಾಬಿನ್ ಒಳಗೆ, ಸೀಟಿನ ಬೆನ್ನಿಗೆ ಅಡ್ಡಲಾಗಿ. ಭಾವ ಸೀಟನ್ನು ಮುಂದಕ್ಕೆ ಬಗ್ಗಿಸಿ, ಬೆರಳಿನ ಗೆಣ್ಣಿನಿಂದ ಟ್ಯಾಂಕಿಗೆ ಮೂರು ಸಲ ಕುಟ್ಟಿ, ಕಣ್ಣು ಮುಚ್ಚಿ, ಕಿವಿಗೊಟ್ಟು ಹೇಳುವರು: "ಇಪ್ಪತ್ತೆರಡೂವರೆ."

ಬರೀ ಇಪ್ಪತ್ತೆರಡು ಅಂದಿದ್ದರೆ ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ. ಆ ಅರ್ಧ ಲೀಟರಿಗೇ ಜನ ತಲೆದೂಗುತ್ತಿದ್ದರು. ಯಾರಾದರೂ ಅನುಮಾನದ ಮುಖ ಮಾಡಿದರೆ ಭಾವನ ಉತ್ತರ ಸಿದ್ಧವಾಗಿರುತ್ತಿತ್ತು: "ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲ, ಒಂದೇ ಒಂದು ಸಲ, ಪೆಟ್ರೋಲ್ ಮುಗಿದು ನಿಂತಿದ್ದೀನಾ? ಕೇಳಿ ಬೇಕಾದರೆ." ಯಾರನ್ನು ಕೇಳಬೇಕು ಅಂತ ಅವರು ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ.

ಇನ್ನು ಅಕ್ಕ. ಅವಳಿಗೆ ಈಗ ಐವತ್ತೆರಡು. ಹತ್ತೊಂಬತ್ತು ವರ್ಷ ಫ್ಯಾನ್ ಕಾರ್ಖಾನೆಯಲ್ಲಿ ಕಾಯಿಲ್ ಸುತ್ತಿದವಳು. ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯನ್ನು ಇನ್ನೂರ ಎಂಬತ್ತು ಸುತ್ತು ಸುತ್ತುತ್ತಾ, ಪಕ್ಕದವಳ ಸೊಸೆಯ ಕಥೆಯನ್ನು ಪೂರ್ತಿ ಕೇಳಿ, ನಡುವೆ ಎರಡು ಬುದ್ಧಿಮಾತು ಹೇಳಿ, ಸುತ್ತಿನ ಎಣಿಕೆ ತಪ್ಪದೆ ಮುಗಿಸುತ್ತಿದ್ದಳು. ಕಾರ್ಖಾನೆ ಮುಚ್ಚಿದ ಮರುದಿನ ಅಭ್ಯಾಸಬಲದಿಂದ ಐದೂವರೆಗೆ ಎದ್ದಳು. ಮಾಡುವುದಕ್ಕೆ ಏನೂ ಇರಲಿಲ್ಲ. ಹಿತ್ತಲಲ್ಲಿದ್ದ ಒಡೆದ ಬಕೆಟ್ಟಿಗೆ ಮಣ್ಣು ತುಂಬಿ ಒಂದು ಗಿಡ ನೆಟ್ಟಳು. ಈಗ ಆ ಹಿತ್ತಲು, ಅದರ ಆಚೆಯ ಖಾಲಿ ಜಾಗ ಎರಡೂ ಸೇರಿ ಎರಡು ಸಾವಿರ ಕುಂಡಗಳ ನರ್ಸರಿ. ಕಾಯಿಲ್ ವಿಭಾಗದ ಹಳೆಯ ಜೊತೆಗಾತಿಯರು ಇಬ್ಬರು ಅವಳ ಜೊತೆಯಲ್ಲೇ ಕೆಲಸಕ್ಕಿದ್ದಾರೆ. ಪ್ರತಿ ಕುಂಡಕ್ಕೂ ನಂಬರಿದೆ. ಗಿಡ ಒಣಗಿದರೆ ಅಕ್ಕ ‘ಒಣಗಿತು’ ಅನ್ನುವುದಿಲ್ಲ, ‘ರಿಜೆಕ್ಟ್’ ಅನ್ನುತ್ತಾಳೆ.

ಕಾರ್ಖಾನೆಯವರು ಕೊನೆಯ ದಿನ ಎಲ್ಲರಿಗೂ ಗಡಿಯಾರ ಕೊಟ್ಟರು. ಅಕ್ಕ ತನಗೆ ಗಡಿಯಾರ ಬೇಡ ಅಂತ ಹೇಳಿ, ತಾನು ಬಳಸುತ್ತಿದ್ದ, ಕರೆಂಟು ಅಳೆಯುವ ಮಲ್ಟಿಮೀಟರನ್ನು ಕೇಳಿ ಪಡೆದಳು. ಬೀದಿಯಲ್ಲಿ ಯಾರ ಇಸ್ತ್ರಿಪೆಟ್ಟಿಗೆ ಕೆಟ್ಟರೂ, ಯಾರ ಮಿಕ್ಸಿ ಮುನಿಸಿಕೊಂಡರೂ ಅಕ್ಕ ಅದರ ಎರಡು ಕಡ್ಡಿಗಳನ್ನು ಹಿಡಿದು ನಾಡಿ ನೋಡಿ ಬರುತ್ತಾಳೆ. ಹೋದ ವರ್ಷ, ಐವತ್ತೊಂದರ ವಯಸ್ಸಿನಲ್ಲಿ, ಡ್ರೈವಿಂಗ್ ಲೈಸೆನ್ಸನ್ನೂ ಮೊದಲನೇ ಸಲಕ್ಕೇ ತೆಗೆದುಕೊಂಡಳು. ಅದು ಅಲಮಾರಿಯಲ್ಲಿ ರೇಷನ್ ಕಾರ್ಡಿನ ಪಕ್ಕದಲ್ಲಿ ಒಂದು ವರ್ಷದಿಂದ ಕುಳಿತಿತ್ತು. ಯಾಕೆಂದರೆ ಮನೆಯಲ್ಲಿದ್ದದ್ದು ಒಂದೇ ಗಾಡಿ, ಆ ಗಾಡಿಗೆ ಇದ್ದದ್ದು ಒಂದೇ ಕಿವಿ.

ಹೀಗಿರುವಾಗ ಊರಿನ ಆ ತುದಿಯಲ್ಲಿ ಕಟ್ಟುತ್ತಿದ್ದ ಹೊಸ ಲೈಬ್ರರಿಯಿಂದ ಆರ್ಡರ್ ಬಂತು. ಇನ್ನೂರ ನಲವತ್ತು ಕುಂಡ, ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಜಾಗದಲ್ಲಿರಬೇಕು. ಸರಿಯಾಗಿ ತಲುಪಿಸಿದರೆ ವರ್ಷವಿಡೀ ವಾರಕ್ಕೊಮ್ಮೆ ಗಿಡ ಬದಲಾಯಿಸುವ ಕೆಲಸವೂ ಅಕ್ಕನಿಗೇ. ತಲುಪಿಸದಿದ್ದರೆ ಹೆದ್ದಾರಿ ಪಕ್ಕದ ದೊಡ್ಡ ನರ್ಸರಿಯವರು ತುದಿಗಾಲಲ್ಲಿ ನಿಂತಿದ್ದರು. ತೊಡಕೇನೆಂದರೆ ಶನಿವಾರವೇ ಭಾವನ ಸಂಘದ ವಾರ್ಷಿಕ ಸಭೆ. ಅಲ್ಲಿ ಅವರದು ‘ಇಂಧನ ಮತ್ತು ಅಂತಃಪ್ರಜ್ಞೆ’ ಎಂಬ ವಿಷಯದ ಮೇಲೆ ಭಾಷಣ.

"ಒಂದು ದಿನಕ್ಕೆ ಬಾಡಿಗೆ ಗಾಡಿ ತಗೊಳ್ಳೋಣ ಅಕ್ಕ" ಅಂದೆ.

"ಈ ಶನಿವಾರ ಬಾಡಿಗೆ ಗಾಡಿ. ಆಮೇಲೆ ಪ್ರತಿ ವಾರ? ಅಂಗಳದಲ್ಲಿ ಗಾಡಿ ನಿಲ್ಲಿಸಿಕೊಂಡು ವರ್ಷವಿಡೀ ಬೇರೆಯವರ ಗಾಡಿಗೆ ಕಾಯ್ತಾ ಕೂತರೆ ಈ ಕೆಲಸ ನನಗೆ ಗಿಟ್ಟಲ್ಲ ಕಣೋ. ನಾನು ಓಡಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ."

ಬುಧವಾರ ಬೆಳಿಗ್ಗೆ ಭಾವನ ಕೈಗೆ ಕಾಫಿ ಕೊಟ್ಟು, ಅವರು ಮೊದಲ ಗುಟುಕು ನುಂಗುವವರೆಗೆ ಕಾದು, ಹೇಳಿದಳು. "ಶನಿವಾರ ಗಾಡಿ ನಾನು ಓಡಿಸ್ತೀನಿ."

"ಯಾವ ಗಾಡಿ?"

"ಮನೇಲಿ ಎಷ್ಟಿದೆ ರೀ?"

ಭಾವ ಲೋಟ ಕೆಳಗಿಟ್ಟರು. "ದೊಡ್ಡಣ್ಣನ್ನಾ? ಹೋಗಲಿ, ಗೇರು ಹಾಕ್ತೀಯ, ಬ್ರೇಕು ಒತ್ತುತೀಯ, ಒಪ್ಪಿದೆ. ಪೆಟ್ರೋಲ್ ಎಷ್ಟಿದೆ ಅಂತ ಹೇಗೆ ತಿಳ್ಕೋತೀಯ?"

"ಫುಲ್ ಮಾಡಿಸಿಕೊಂಡು ಹೊರಟರಾಯ್ತು."

"ಫುಲ್ಲಾ!" ಭಾವ ನನ್ನ ಕಡೆ ತಿರುಗಿದರು, ಸಾಕ್ಷಿಗೆ. "ಮುಕ್ಕಾಲು ದಾಟಿದರೆ ಟ್ಯಾಂಕಿನ ಮೇಲ್ಗಡೆ ಬೆಸುಗೆಯಲ್ಲಿ ಜಿನುಗುತ್ತೆ. ಒಳಗೆ ಕೂರೋಕಾಗಲ್ಲ, ಅಷ್ಟು ವಾಸನೆ. ಮುಕ್ಕಾಲು ಎಲ್ಲಿಗೆ ಮುಗೀತು ಅಂತ ಹೇಳೋಕೆ ಕಿವಿ ಬೇಕು."

"ಕಡ್ಡಿ ಇಳಿಸಿ ನೋಡಿದರೆ?"

"ಕೊಳವೆ ಬಾಗಿದೆ, ಕಡ್ಡಿ ಇಳಿಯಲ್ಲ."

"ಮೀಟರ್ ಹಾಕಿದರೆ?"

ಭಾವ ಮನಸಾರೆ ನಕ್ಕರು. "ಕೇಳಿದೆಯೇನಯ್ಯಾ ಭಾಮೈದ? ಇಬ್ಬರು ಮೆಕ್ಯಾನಿಕ್ಕುಗಳು ಕೈ ಚೆಲ್ಲಿ ಕೂತ ಕೇಸು ಇದು. ಆಗಲಿ ಮಾರಾಯ್ತಿ. ಮೀಟರ್ ಸರಿಯಾಗಿ ತೋರಿಸಿದ ದಿನ ಕೀಲಿ ನಿನ್ನ ಕೈಗೆ."

"ಮಾತು?"

"ಅಧ್ಯಕ್ಷರ ಮಾತು."

ಅಕ್ಕ ಲೋಟ ತೆಗೆದುಕೊಂಡು ಒಳಗೆ ಹೋದಳು. ಅದರಲ್ಲಿ ಇನ್ನೂ ಅರ್ಧ ಕಾಫಿ ಇತ್ತು.

ಗುರುವಾರ ನಾವಿಬ್ಬರೂ ಹಳೆಯ ವಾಹನಗಳ ಬಿಡಿಭಾಗದ ಅಂಗಡಿಗೆ ಹೋದೆವು. ಒಂದು ಗಲ್ಲಿಯ ಕೊನೆಯಲ್ಲಿ, ಸೂರಿನವರೆಗೂ ರಟ್ಟಿನ ಪೆಟ್ಟಿಗೆ ಜೋಡಿಸಿದ ಅಂಗಡಿ. ಅಂಗಡಿಯವರು ಹಣೆಯ ಮೇಲೆ ಕನ್ನಡಕ ಏರಿಸಿಕೊಂಡು ಮೇಜಿನ ಮೇಲೆಲ್ಲ ಕನ್ನಡಕ ಹುಡುಕುತ್ತಿದ್ದರು. ಅಕ್ಕ ತನಗೆ ಬೇಕಾದದ್ದನ್ನು ಹೇಳಿದಳು: ಡ್ಯಾಶ್‌ಬೋರ್ಡಿಗೆ ಒಂದು ಪೆಟ್ರೋಲ್ ಮೀಟರ್, ಟ್ಯಾಂಕಿನೊಳಗೆ ಇಳಿಸುವ ಸೆಂಡರ್ ಒಂದು. ಅವರು ಒಂದೇ ಗಳಿಗೆಯಲ್ಲಿ ಎರಡು ಪೆಟ್ಟಿಗೆ ತಂದಿಟ್ಟರು.

"ಇವೆರಡೂ ಒಂದಕ್ಕೊಂದು ಸೇರುತ್ತಾ?"

"ಎಲ್ಲಾ ಒಂದೇ ಅಮ್ಮಾ. ಮೀಟರ್ ಅಂದರೆ ಮೀಟರು, ಸೆಂಡರ್ ಅಂದರೆ ಸೆಂಡರು."

ಅಕ್ಕ ಚೀಲದಿಂದ ಮಲ್ಟಿಮೀಟರ್ ತೆಗೆದಳು. ಸೆಂಡರ್ ಅನ್ನುವುದು ದೊಡ್ಡ ಯಂತ್ರವೇನೂ ಅಲ್ಲ. ಒಂದು ಕಡ್ಡಿ, ಅದರ ತುದಿಯಲ್ಲಿ ಪೆಟ್ರೋಲಿನ ಮೇಲೆ ತೇಲುವ ಗುಂಡು. ಪೆಟ್ರೋಲ್ ಏರಿದರೆ ಕಡ್ಡಿ ಏರುತ್ತದೆ, ಇಳಿದರೆ ಇಳಿಯುತ್ತದೆ. ಕಡ್ಡಿಯ ಇನ್ನೊಂದು ತುದಿ ಒಂದು ಸಣ್ಣ ಡಬ್ಬಿಯೊಳಗೆ, ಸುತ್ತಿದ ತಂತಿಯ ಮೇಲೆ ಬೆರಳಾಡಿಸಿದ ಹಾಗೆ ಆ ಕಡೆ ಈ ಕಡೆ ಸರಿಯುತ್ತದೆ. ಕರೆಂಟು ಎಷ್ಟು ತಂತಿ ದಾಟಿ ಬರಬೇಕಾಯಿತು ಅನ್ನುವುದನ್ನು ನೋಡಿ ಮುಳ್ಳು ಏಳುತ್ತದೆ. ಆದರೆ ಒಬ್ಬೊಬ್ಬ ತಯಾರಕರು ಒಂದೊಂದು ಥರ ಸುತ್ತುತ್ತಾರೆ. ಕೆಲವರಿಗೆ ಟ್ಯಾಂಕು ಖಾಲಿಯಾದಾಗ ಸೊನ್ನೆ, ಕೆಲವರಿಗೆ ತುಂಬಿದಾಗ ಸೊನ್ನೆಯ ಹತ್ತಿರ. ಬೆರೆಸಿ ಹಾಕಿದರೆ ತುಂಬಿದ ಟ್ಯಾಂಕಿಗೆ ಮುಳ್ಳು ‘ಖಾಲಿ’ ಅನ್ನುತ್ತದೆ. ಇದನ್ನೆಲ್ಲ ಅಕ್ಕ ಕಡ್ಡಿ ಏರಿಸಿ ಇಳಿಸಿ, ಅಂಗಡಿಯವರಿಗೆ ಅಂಕಿ ತೋರಿಸುತ್ತಾ ವಿವರಿಸಿದಳು. ಮೊದಲ ಸೆಂಡರ್ ಉಲ್ಟಾ. ಎರಡನೆಯದರಲ್ಲಿ ಅಂಕಿ ನಡುವೆ ಎಗರಾಡುತ್ತಿತ್ತು. ಮೂರನೆಯದು ಖಾಲಿಗೆ ಸೊನ್ನೆ, ತುಂಬಿದಾಗ ತೊಂಬತ್ತು, ನಡುವೆ ಎಲ್ಲೂ ತೊದಲಲಿಲ್ಲ. ಅದಕ್ಕೆ ಹೊಂದುವ ಮೀಟರನ್ನು ಮೇಲಿನ ಅಟ್ಟದಿಂದ ಇಳಿಸಿದರು.

ಅಂಗಡಿಯವರು ಕುರ್ಚಿಯಲ್ಲಿ ಕೂತರು. "ಹಾಗಾದರೆ ಇಷ್ಟು ವರ್ಷ ನಾನು ಹೇಗೆ ಮಾರಿದೆ ಅಮ್ಮಾ?"

"ಧೈರ್ಯದಿಂದ" ಅಂದಳು ಅಕ್ಕ. ಹೊರಡುವಾಗ ಅವರ ಹಣೆಯ ಮೇಲಿನ ಕನ್ನಡಕವನ್ನೂ ತೋರಿಸಿಕೊಟ್ಟಳು.

ಅವತ್ತೇ ಮಧ್ಯಾಹ್ನ ಹಳೆಯ ಸೆಂಡರ್ ಬಿಚ್ಚಿದೆವು. ಭಾವ ಶೆಡ್ಡಿನಲ್ಲಿದ್ದರು. ಎರಡು ಬಾಗಿಲೂ ತೆರೆದು, ಬ್ಯಾಟರಿಯ ತಂತಿ ಕಳಚಿ, ನನ್ನ ಕೈಗೆ ಟಾರ್ಚ್ ಕೊಟ್ಟಳು. ಟ್ಯಾಂಕಿನ ನೆತ್ತಿಯಲ್ಲಿ ಐದು ಸ್ಕ್ರೂ. ಮೇಲೆ ಗಟ್ಟಿಯಾಗಿ ಕೂತಿದ್ದ ಹಸಿರು ಬಣ್ಣವನ್ನು ಕೆರೆದು, ಒಂದೊಂದನ್ನೂ ಪುಸಲಾಯಿಸಿ ತೆಗೆಯುವ ಹೊತ್ತಿಗೆ ಒಂದು ಗಂಟೆ ಹೋಯಿತು. ಕೆಳಗಿದ್ದ ಬಿರಡೆಯ ವಾಷರ್ ಒಣಗಿ ಹಪ್ಪಳದಂತಾಗಿ, ಕೈಯಲ್ಲೇ ಪುಡಿಯಾಯಿತು.

"ನಿಮ್ಮ ಭಾವ ಬೆಸುಗೆ ಜಿನುಗುತ್ತೆ ಅಂತಿದ್ದರಲ್ಲ, ಇದು ಕಣೋ ಬೆಸುಗೆ" ಅಂದಳು.

ಕಡ್ಡಿಯನ್ನು ಓರೆ ಮಾಡಿ ಹೊರಗೆಳೆದು, ಒರೆಸಿ, ವರಾಂಡದ ಕಟ್ಟೆಯ ಮೇಲೆ ಬಟ್ಟೆ ಹಾಸಿ ಡಬ್ಬಿಯ ಮುಚ್ಚಳ ಎಬ್ಬಿಸಿದಳು. ಒಳಗೆ ತಂತಿಯ ಸುತ್ತು. ಕನ್ನಡಕ ಮೂಗಿಗೆ ಇಳಿಸಿಕೊಂಡು ಅಕ್ಕ ಅದನ್ನು ಸ್ವಲ್ಪ ಹೊತ್ತು ನೋಡಿದಳು. ಕಾಯಿಲ್ ಸುತ್ತಿದವರು ತಂತಿಯನ್ನು ನೋಡುವ ಪರಿಯೇ ಬೇರೆ. ನಾವು ಕಾಗದ ಓದಿದ ಹಾಗೆ ಅವರು ತಂತಿ ಓದುತ್ತಾರೆ.

"ತುದಿಯ ಬೆಸುಗೆ ಬಿಟ್ಟಿದೆ. ಅಷ್ಟೇ. ಒಂದು ಚುಕ್ಕೆ ಸೀಸ ಹಾಕಿದ್ದರೆ ಸರಿ ಹೋಗೋದು. ಅದು ಬಿಟ್ಟು ಆ ಮೆಕ್ಯಾನಿಕ್ಕುಗಳು ಬ್ಯಾಟರಿಯಿಂದ ಮೀಟರಿಗೆ ನೇರ ಕರೆಂಟು ಕೊಟ್ಟು ಅದನ್ನೂ ಸುಟ್ಟಿದ್ದಾರೆ." ಆಮೇಲೆ ದನಿ ತಗ್ಗಿಸಿದಳು. "ಇಲ್ಲಿ ನೋಡು."

ನೋಡಿದೆ. ಸುತ್ತಿನ ಮೇಲ್ಭಾಗದಲ್ಲಿ ಒಂದು ಬೆರಳಗಲ ತಂತಿ ಸವೆದು ಹೊಳೆಯುತ್ತಿತ್ತು. ಅದರ ಕೆಳಗೆಲ್ಲ ಹಳೆಯ ಕಿಲುಬು ಕಟ್ಟಿ ಕಪ್ಪಾಗಿತ್ತು, ಒಂದು ಹೊಸ ಗೀರೂ ಇಲ್ಲ.

"ಕರೆಂಟು ಇರಲಿ ಬಿಡಲಿ, ಪೆಟ್ರೋಲಿನ ಜೊತೆ ಈ ಕಡ್ಡಿ ಇಷ್ಟು ವರ್ಷವೂ ಆಡಿದೆ. ಸವೆದಿರೋದು ಅರ್ಧದಿಂದ ಮುಕ್ಕಾಲಿನವರೆಗೆ. ಮೀಟರ್ ಕೆಟ್ಟ ಮೇಲೆ ಅರ್ಧದಿಂದ ಕೆಳಗೆ ಇದು ಇಳಿದೇ ಇಲ್ಲ."

ನನಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ಕಟ್ಟೆ ಹಿಡಿದುಕೊಂಡು ನಕ್ಕೆ. ಇಪ್ಪತ್ತೆರಡೂವರೆ! ಕಣ್ಣು ಮುಚ್ಚುವುದೇನು, ಕಿವಿ ಕೊಡುವುದೇನು! ಅರ್ಧಕ್ಕೆ ಬಂದ ತಕ್ಷಣ ಪಂಪಿಗೆ ಓಡಿ ತುಂಬಿಸಿಕೊಂಡರೆ ಯಾವ ಗಾಡಿ ತಾನೇ ನಿಲ್ಲುತ್ತದೆ? "ಅಕ್ಕಾ, ಇದನ್ನು ಸಂಘದ ನೋಟಿಸ್ ಬೋರ್ಡಿಗೆ ಹೊಡೆಯೋಣ."

ಅಕ್ಕ ನಗಲಿಲ್ಲ. ಸೆಂಡರನ್ನು ಪೇಪರಿನಲ್ಲಿ ಸುತ್ತಿ ಗುಜರಿಯ ಡಬ್ಬಕ್ಕೆ ಹಾಕಿದಳು. "ಸುಮ್ಮನಿರು. ಜಂಭಕ್ಕೆ ಯಾರೂ ಇಪ್ಪತ್ತೆರಡು ವರ್ಷ ಅರ್ಧ ಟ್ಯಾಂಕು ಹೊತ್ತು ತಿರುಗಲ್ಲ. ಏನಕ್ಕೋ ಹೆದರಿದ್ದಾರೆ. ನೀನು ಬಾಯಿ ಬಿಟ್ಟೀಯ, ಜೋಕೆ."

ಶುಕ್ರವಾರ ಬೆಳಿಗ್ಗೆ ಹೊಸ ಸೆಂಡರ್ ಇಳಿಸಿ, ಹೊಸ ರಬ್ಬರ್ ವಾಷರ್ ಕೂರಿಸಿ, ಡ್ಯಾಶ್‌ಬೋರ್ಡಿನ ಹಳೆಯ ಉಂಗುರದೊಳಗೇ ಹೊಸ ಮೀಟರ್ ಹಾಕಿದಳು. ತಂತಿ ಎಳೆದು, ಬ್ಯಾಟರಿ ಜೋಡಿಸಿ, ಕೀಲಿಗಾಗಿ ಭಾವನನ್ನು ಕರೆದಳು. ಭಾವ ಬಂದರು, ಜೊತೆಗಾತಿಯರಿಬ್ಬರೂ ಕೈಯ ಮಣ್ಣು ಕೊಡವಿಕೊಳ್ಳುತ್ತಾ ಬಂದರು. ಕೀಲಿ ತಿರುಗಿಸಿದ್ದೇ ತಡ, ಮುಳ್ಳು ಎದ್ದಿತು. ಅರ್ಧ ದಾಟಿತು, ಮುಕ್ಕಾಲು ದಾಟಿತು, ಫುಲ್ ಗೆರೆಯನ್ನೂ ದಾಟಿ ಆಚೆಯ ಗೋಡೆಗೆ ಒರಗಿ ನಿಂತಿತು.

"ಆಹಾ! ಅರ್ಧ ಟ್ಯಾಂಕಿಗೆ ಫುಲ್ಲಿಗಿಂತ ಜಾಸ್ತಿ!" ಭಾವ ಬಾಗಿಲಿಗೆ ಕೈ ಊರಿ ನಗತೊಡಗಿದರು. "ಇನ್ನು ಪಂಪಿಗೆ ಹೋಗೋ ಹಾಗೇ ಇಲ್ಲ ಬಿಡು. ಮನೇಲೇ ಪೆಟ್ರೋಲ್ ಬಾವಿ..." ಅಂದವರು ಅಲ್ಲಿಗೇ ನಿಂತರು. ಮುಖದ ನಗು ಮಾಯವಾಗಿತ್ತು. ಮುಳ್ಳನ್ನೇ ನೋಡುತ್ತಾ ಮೆಲ್ಲಗೆ ಅಂದರು. "ಅವತ್ತೂ ಇಲ್ಲೇ ನಿಂತಿತ್ತು."

"ಯಾವತ್ತು?"

ಭಾವ ಬಾಗಿಲಿನಿಂದ ಕೈ ತೆಗೆದರು. "ಮಗಳಿಗೆ ನಾಲ್ಕು ವರ್ಷ. ನೀನು ಕಾರ್ಖಾನೆಗೆ ಹೋಗಿದ್ದೆ. ಜ್ವರ ಬಂದು ಮೈ ಕೆಂಡ ಆಗಿತ್ತು. ದೊಡ್ಡಾಸ್ಪತ್ರೆಗೆ ಹೊರಟೆ. ಮುಳ್ಳು ಫುಲ್ ತೋರಿಸ್ತಾ ಇತ್ತು. ನಡುದಾರಿಯಲ್ಲಿ ಗಾಡಿ ನಿಂತುಹೋಯ್ತು. ಟ್ಯಾಂಕಿನಲ್ಲಿ ಒಂದು ಹನಿ ಇಲ್ಲ."

"ಅವತ್ತು ಆಸ್ಪತ್ರೆಯಲ್ಲಿ ರಶ್ಶು, ಅದಕ್ಕೇ ತಡವಾಯ್ತು ಅಂದಿರಿ ನನಗೆ."

"ಒಂದು ಗಂಟೆ ಹೆಗಲ ಮೇಲೆ ಹೊತ್ತುಕೊಂಡು ನಡೆದೆ. ಬಿಸಿಲು. ಒಬ್ಬರೂ ನಿಲ್ಲಿಸಲಿಲ್ಲ. ಗಾಡಿ ತಗೊಂಡು ಆಗಿನ್ನೂ ಆರು ತಿಂಗಳು, ಊರಿಗೆಲ್ಲ ಜಂಭ ಕೊಚ್ಚಿದ್ದೆ. ಪೆಟ್ರೋಲ್ ನೋಡಿಕೊಳ್ಳಲಿಲ್ಲ ಅಂತ ನಿನಗೆ ಯಾವ ಬಾಯಲ್ಲಿ ಹೇಳಲಿ?"

ಆ ಮಗಳಿಗೆ ಈಗ ಇಪ್ಪತ್ತಾರು. ಬೇರೆ ಊರಿನಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ. ಗಟ್ಟಿಮುಟ್ಟಾಗಿದ್ದಾಳೆ, ಅಪ್ಪನ ಮೇಲೆ ಫೋನಿನಲ್ಲೇ ರೇಗುತ್ತಾಳೆ. ಆದರೆ ಭಾವ ಈಗಲೂ ಆ ರಸ್ತೆಯಲ್ಲೇ ನಡೆಯುತ್ತಿದ್ದಾರೆ ಅನ್ನಿಸಿತು ನನಗೆ.

"ಮಾತು ಕೊಟ್ಟಿದ್ದು ನಿಜ" ಅಂದರು. "ಆದರೆ ಮುಳ್ಳು ಹೀಗೆ ಸುಳ್ಳು ಹೇಳೋ ಗಾಡಿಯಲ್ಲಿ ನಿನ್ನನ್ನ ಕಳಿಸಲ್ಲ. ಆ ಲೈಬ್ರರಿ ಕೆಲಸ ಹೋದರೆ ಹೋಗಲಿ."

ಅಕ್ಕ ಅವರ ತೋಳನ್ನು ಒಮ್ಮೆ ಮುಟ್ಟಿದಳು. "ನಾನೂ ಕಳಿಸಿ ಅನ್ನಲ್ಲ. ಸುಳ್ಳು ಯಾಕೆ ಹೇಳ್ತಿದೆ ಅಂತ ಮೊದಲು ನೋಡ್ತೀನಿ. ನೀವು ಅಲ್ಲಿ ಕೂತ್ಕೊಳ್ಳಿ."

ಮಲ್ಟಿಮೀಟರಿನ ಒಂದು ಕಡ್ಡಿ ಸೆಂಡರಿನ ಮೈಗೆ, ಇನ್ನೊಂದು ಬಾಗಿಲಿನ ಕೀಲಿನ ಬರಿ ಕಬ್ಬಿಣಕ್ಕೆ. ಕರೆಂಟಿಗೆ ದಾರಿ ಇದ್ದರೆ ಬೀಪ್ ಅನ್ನಬೇಕಾದ ಮಲ್ಟಿಮೀಟರ್ ತುಟಿ ಬಿಚ್ಚಲಿಲ್ಲ. ಅಕ್ಕ ಹಣೆ ಚಚ್ಚಿಕೊಂಡಳು. "ಮೊದಲು ಅರ್ತ್ ನೋಡಿ, ಮೊದಲು ಅರ್ತ್ ನೋಡಿ ಅಂತ ಹತ್ತೊಂಬತ್ತು ವರ್ಷ ಹೊಸಬರಿಗೆಲ್ಲ ಪಾಠ ಹೇಳಿದವಳು! ಅಂ‌ಗಡಿಯವರಿಗೆ ಬುದ್ಧಿ ಹೇಳೋ ಭರದಲ್ಲಿ ನಾನೇ ನೋಡಲಿಲ್ಲ." ಆಮೇಲೆ ಗಂಡನ ಕಡೆ ತಿರುಗಿದಳು. "ರೀ, ಈ ಟ್ಯಾಂಕಿಗೆ ಎಷ್ಟು ಸಲ ಬಣ್ಣ ಹೊಡೆದಿದ್ದೀರಿ?"

"ವರ್ಷಕ್ಕೊಂದು ಸಲ. ವಾರ್ಷಿಕ ಸಭೆಗೆ ಮುಂಚೆ."

"ಟ್ಯಾಂಕು ಕಟ್ಟಿರೋ ಪಟ್ಟಿಗೂ?"

"ಪಟ್ಟಿ, ಬೋಲ್ಟು, ಸ್ಕ್ರೂ ತೂತು, ಎಲ್ಲಕ್ಕೂ. ತುಕ್ಕು ಹಿಡೀಬಾರದಲ್ಲ!" ಇಷ್ಟೆಲ್ಲ ಆದಮೇಲೂ ಭಾವನ ದನಿಯಲ್ಲಿ ತುಸು ಹೆಮ್ಮೆ ಉಳಿದಿತ್ತು.

"ಹೋದ ಕರೆಂಟು ಗಾಡಿಯ ಮೈಮೇಲಿಂದ ವಾಪಸ್ ಬರಬೇಕು ರೀ. ನೀವು ದಾರಿಗೆಲ್ಲ ಇಪ್ಪತ್ತಮೂರು ಕೋಟು ಬಣ್ಣ ಬಳಿದು ಮುಚ್ಚಿದ್ದೀರಿ. ಅದು ಎಲ್ಲಿಂದ ಬರಬೇಕು? ಅದು ವಾಪಸ್ ಬರದಿದ್ದರೆ ಮುಳ್ಳು ಫುಲ್ ಅನ್ನುತ್ತೆ. ಅವತ್ತು ಬೆಸುಗೆ ಬಿಟ್ಟು ಹಾಗಾಯ್ತು, ಇವತ್ತು ನಿಮ್ಮ ಪ್ರೀತಿಯಿಂದ ಹಾಗಾಗಿದೆ."

ಕೆರೆಯುವ ಕೆಲಸ ಶುರುವಾಯಿತು. ಉಜ್ಜುಕಾಗದದ ಒಂದೊಂದು ಎಳೆತಕ್ಕೂ ಭಾವ ತಮ್ಮ ಮೈಯನ್ನೇ ಉಜ್ಜಿದ ಹಾಗೆ ಮುಖ ಕಿವುಚಿದರು. ಹಸಿರಿನ ಕೆಳಗೆ ಇನ್ನೊಂದು ಹಸಿರು, ಅದರ ಕೆಳಗೆ ಮತ್ತೊಂದು, ಕತ್ತರಿಸಿದ ಮರದ ಉಂಗುರಗಳ ಹಾಗೆ. ಮರಗೆಲಸದವರಲ್ಲವೇ, ಸ್ವಲ್ಪ ಹೊತ್ತಿಗೆ ಎದ್ದು ಬಂದು ತಾವೇ ಬೆರಳಿಟ್ಟು ತೋರಿಸತೊಡಗಿದರು. "ಇದು ಮಗಳು ಕಾಲೇಜಿಗೆ ಸೇರಿದ ವರ್ಷದ್ದು. ಈ ಗಿಳಿಹಸಿರು ಇದೆಯಲ್ಲ, ಅಂಗಡಿಯವನು ಮೋಸ ಮಾಡಿದ್ದು." ಕೊನೆಗೆ ಬರಿ ಕಬ್ಬಿಣ ಬೆಳ್ಳಗೆ ಹೊಳೆಯಿತು. ಅಲ್ಲಿಂದ ಗಾಡಿಯ ಮೈಗೆ ಅಕ್ಕ ಒಂದು ದಪ್ಪ ತಂತಿಯನ್ನೂ ಬಿಗಿದಳು. ಕೀಲಿ ತಿರುಗಿಸಿದಾಗ ಮುಳ್ಳು ನಿಧಾನವಾಗಿ ಎದ್ದು, ಅರ್ಧ ದಾಟಿ ಒಂದು ಕೂದಲು ಮೇಲೆ ಬಂದು ಸುಮ್ಮನೆ ನಿಂತಿತು.

"ಅರ್ಧದಲ್ಲಿ ಸರಿ ಇದೆ" ಅಂದರು ಭಾವ. "ಕೆಳಗೆ? ಕೆಳಗೆ ಹೋದಾಗ ಸುಳ್ಳು ಹೇಳಿದರೆ?"

ಒಪ್ಪಲೇಬೇಕಾದ ಪ್ರಶ್ನೆ. ಅಕ್ಕನೂ ಒಪ್ಪಿದಳು. "ಖಾಲಿ ಮಾಡಿ ನೋಡೋಣ."

ಭಾವ ತಮ್ಮ ರಕ್ತ ತೆಗೆಯುತ್ತೇವೆ ಅಂದಂತೆ ನೋಡಿದರು. ಆದರೂ ಅವರೇ ಗಾಡಿಯ ಕೆಳಗೆ ತೂರಿ ಟ್ಯಾಂಕಿನ ತಳದ ಬಿರಡೆ ಬಿಚ್ಚಿ, ಕ್ಯಾನುಗಳಿಗೆ ಪೆಟ್ರೋಲ್ ಇಳಿಸಿಕೊಟ್ಟರು. ಕೊನೆಯ ಹನಿ ಬಿದ್ದಾಗ ಮುಳ್ಳು ಖಾಲಿ ಗೆರೆಯ ಮೇಲೆ ಕರಾರುವಾಕ್ಕಾಗಿ ಕೂತಿತ್ತು. ಅಷ್ಟು ಹೊತ್ತಿಗೆ ಭಾವನೊಳಗಿನ ಅಧ್ಯಕ್ಷರು ಚೇತರಿಸಿಕೊಂಡಿದ್ದರು.

"ಈಗ ಪರೀಕ್ಷೆ ಆಗೇಬಿಡಲಿ. ನಾನು ಗೇಟಿನ ಆಚೆ ನಿಲ್ತೀನಿ. ನೀವು ಅಳತೆ ಮಾಡಿ ಸುರಿಯಿರಿ. ಮೀಟರಿಗೆ ಟವಲು ಮುಚ್ಚಿ. ನಾನು ಕುಟ್ಟಿ ಹೇಳ್ತೀನಿ, ಆಮೇಲೆ ತಾಳೆ ನೋಡೋಣ."

"ಬೇಡ ರೀ" ಅಂದಳು ಅಕ್ಕ. ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ನಾನು ಅವಳ ಮುಖ ನೋಡಲಿಲ್ಲ.

"ಯಾಕೆ ಬೇಡ? ಹೆದರಿಕೆನಾ?"

ಸರಿ ಅಂತ ಐದು ಲೀಟರಿನ ಕ್ಯಾನಿನಿಂದ ಎರಡು ಸಲ ಸುರಿದೆ. ಹತ್ತು ಲೀಟರ್. ಟವಲು ಮುಚ್ಚಿದೆವು. ಭಾವ ಬಂದು, ಸೀಟು ಬಗ್ಗಿಸಿ, ಮೂರು ಸಲ ಕುಟ್ಟಿದರು. ಕಣ್ಣು ಮುಚ್ಚಿದರು. ಮತ್ತೆ ಮೂರು ಸಲ ಕುಟ್ಟಿದರು. ಇಷ್ಟು ಹೊತ್ತು ಅವರು ಯಾವತ್ತೂ ತೆಗೆದುಕೊಂಡವರಲ್ಲ.

"ಹದಿನೆಂಟು" ಅಂದರು. ಅರ್ಧ ಲೀಟರಿನ ಗೊಡವೆಗೆ ಹೋಗಲಿಲ್ಲ.

ಜೊತೆಗಾತಿಯರಿಬ್ಬರೂ ಒಂದು ಗಿಡದ ಎಲೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಅಕ್ಕ ಟವಲು ತೆಗೆದಳು. ನಲವತ್ತು ಲೀಟರಿನ ಟ್ಯಾಂಕು, ಮುಳ್ಳು ಕಾಲು ಗೆರೆಯ ಮೇಲೆ. ಭಾವ ಖಾಲಿ ಕ್ಯಾನು ನೋಡಿದರು, ಮುಳ್ಳು ನೋಡಿದರು, ಮತ್ತೆ ಗೇಟಿನ ಆಚೆ ಹೋಗಿ ನಿಂತರು.

ಇನ್ನು ಹತ್ತು ಸುರಿದೆ. ಭಾವ ಬಂದು ಕುಟ್ಟಿದರು. "ಇಪ್ಪತ್ತು." ಮುಳ್ಳು ಅರ್ಧ. ಪಂಪಿನಿಂದ ತಂದಿಟ್ಟಿದ್ದ ಕ್ಯಾನನ್ನೂ ಸೇರಿಸಿ ಇನ್ನೈದು ಸುರಿದೆ. "ಇಪ್ಪತ್ತೈದು." ಅದೂ ಸರಿ. ಮೂರು ಕುಟ್ಟಿಗೆ ಒಂದೇ ಉತ್ತರ, ಒಂದು ಚೂರೂ ಅನುಮಾನವಿಲ್ಲದೆ. ಕಿವಿ ಸುಳ್ಳಲ್ಲ, ಕಿವಿ ನಿಜವೇ.

ಭಾವ ಸೀಟನ್ನು ಹಿಂದಕ್ಕೆ ತಳ್ಳಿ ಸರಿಮಾಡಿದರು. "ಕೆಳಗಿನ ಸದ್ದು ನಾನು ಕೇಳೇ ಇಲ್ಲ ಕಣೇ" ಅಂದರು. "ಅಲ್ಲಿಗೆ ಹೋಗೋಕೆ ಬಿಟ್ಟೇ ಇಲ್ಲ. ಅರ್ಧದಿಂದ ಮೇಲೆ ಬೇಕಾದರೆ ನಿದ್ದೆಯಲ್ಲಿ ಕೇಳು, ಹೇಳ್ತೀನಿ."

"ಅರ್ಧದಿಂದ ಮೇಲೆ ನಿಮ್ಮದು" ಅಂದಳು ಅಕ್ಕ. "ಕೆಳಗಿನದು ಇನ್ನು ಮುಳ್ಳು ನೋಡಿಕೊಳ್ಳುತ್ತೆ."

ಭಾವ ಜೇಬಿನಿಂದ ಕೀಲಿಗೊಂಚಲು ತೆಗೆದರು. ಶೆಡ್ಡಿನದು, ಸಂಘದ ಬೀರುವಿನದು, ಯಾವುದೆಂದು ಅವರಿಗೇ ಮರೆತುಹೋದ ನಾಲ್ಕು. ಗಾಡಿಯ ಕೀಲಿ ಉಂಗುರದಿಂದ ಕಳಚಲು ಒಪ್ಪಲಿಲ್ಲ. ಉಗುರು ಹಾಕಿದರು, ಹಲ್ಲು ಹಾಕಿದರು. ಕೊನೆಗೆ ಅಕ್ಕ ಸ್ಕ್ರೂಡ್ರೈವರ್ ತೂರಿಸಿ ಉಂಗುರ ಅಗಲಿಸಿದಳು. ಕೀಲಿಯನ್ನು ಅವಳ ಕೈಗಿಟ್ಟು ಭಾವ ಅಂದರು. "ಕ್ಲಚ್ಚು ಪೂರ್ತಿ ಒತ್ತಬೇಕು. ಅರ್ಧಂಬರ್ಧ ಒತ್ತಿದರೆ ಅವನಿಗೆ ಸಿಟ್ಟು ಬರುತ್ತೆ."

ಶನಿವಾರ ಆರೂವರೆಗೆ ಮೊದಲ ಎಂಬತ್ತು ಕುಂಡ ತುಂಬಿದೆವು. ಲೈಬ್ರರಿ ಹನ್ನೆರಡು ಕಿಲೋಮೀಟರ್ ದೂರ. ಅಕ್ಕ ಸೀಟಿನ ಮೇಲೆ ಒಂದು ದಿಂಬು ಹಾಕಿಕೊಂಡು, ಕ್ಲಚ್ಚು ಪೂರ್ತಿ ಒತ್ತಿ, ದೊಡ್ಡಣ್ಣನನ್ನು ರಸ್ತೆಗಿಳಿಸಿದಳು. ಸ್ಟಿಯರಿಂಗ್ ತಿರುಗಿಸಲು ಎರಡೂ ತೋಳಿನ ಬಲ ಬೇಕಾಗುತ್ತಿತ್ತು. ಮೊದಲ ಸಿಗ್ನಲ್ಲಿನಲ್ಲಿ ಎಂಜಿನ್ ಒಮ್ಮೆ ನಿಂತಿತು. ಹಿಂದಿನವನು ಹಾರ್ನ್ ಹೊಡೆದ. ಅಕ್ಕ ಕನ್ನಡಿಯಲ್ಲಿ ಅವನನ್ನು ನೋಡಿ, "ಒಂದು ನಿಮಿಷ ಇರಪ್ಪಾ, ಮನೆಯ ಹಿರಿಯರು ಇವರು" ಅಂತ ತನ್ನಷ್ಟಕ್ಕೇ ಹೇಳಿಕೊಂಡು ಮತ್ತೆ ಸ್ಟಾರ್ಟ್ ಮಾಡಿದಳು. ಆಮೇಲೆ ಎಲ್ಲೂ ನಿಲ್ಲಲಿಲ್ಲ. ಎರಡನೆಯ ಸಲ ಹೋಗುವಾಗ ಮುಳ್ಳು ಅರ್ಧದ ಗೆರೆಯಿಂದ ಕೆಳಗಿಳಿಯಿತು. ಅಕ್ಕ ಅದರತ್ತ ಒಮ್ಮೆ ಕಣ್ಣು ಹಾಯಿಸಿ, ಮುಂದಿದ್ದ ಲಾರಿಯನ್ನು ಹಿಂದಿಕ್ಕಿದಳು.

ಹನ್ನೊಂದೂ ಮುಕ್ಕಾಲಿಗೆ ಕೊನೆಯ ಕುಂಡ ಇಳಿಯಿತು. ಲೈಬ್ರರಿಯ ಮ್ಯಾನೇಜರ್ ರಿಜಿಸ್ಟರ್ ಹಿಡಿದು ಬಂದರು.

"ಗಿಡ ಕೊಟ್ಟವರು?"

"ನಾನೇ." ಅಕ್ಕ ಸಹಿ ಹಾಕಿದಳು.

"ಇಲ್ಲಿ ಡ್ರೈವರ್ ಸಹಿ. ಅವರನ್ನ ಕರೀರಿ."

"ಬಂದಿದ್ದಾರೆ" ಅಂತ ಅಕ್ಕ ಅದರ ಕೆಳಗೂ ಸಹಿ ಹಾಕಿದಳು. ಮ್ಯಾನೇಜರ್ ಎರಡು ಸಹಿಗಳನ್ನೂ, ಅಕ್ಕನನ್ನೂ, ಹೊರಗೆ ನಿಂತಿದ್ದ ಹಸಿರು ಗಾಡಿಯನ್ನೂ ಸರದಿಯಂತೆ ನೋಡಿ, ಮುಂದಿನ ಶನಿವಾರ ಎಷ್ಟು ಗಂಟೆಗೆ ಬರುತ್ತೀರಿ ಅಂತ ಕೇಳಿದರು.

ವಾಪಸ್ ಬರುವ ದಾರಿಯಲ್ಲಿ ಸಭಾಭವನದ ಎದುರು ಭಾವ ನಿಂತಿದ್ದರು, ಎದೆಯ ಮೇಲೆ ಬ್ಯಾಡ್ಜು. ಸದಸ್ಯರು ನೋಡುತ್ತಿರುವಂತೆಯೇ ಎಡಗಡೆಯ ಬಾಗಿಲಿನಿಂದ ಹತ್ತಿದರು. ನಾನು ನಡುವಿಗೆ ಸರಿದೆ. ಭಾಷಣ ಹೇಗಾಯಿತು ಅಂತ ಕೇಳಿದೆ. ವಿಷಯ ಬದಲಾಯಿಸಿ ‘ವಾಹನಗಳಲ್ಲಿ ಅರ್ತ್‌ನ ಮಹತ್ವ’ದ ಮೇಲೆ ನಲವತ್ತು ನಿಮಿಷ ಮಾತಾಡಿದರಂತೆ. ಇಷ್ಟು ಮುಖ್ಯವಾದ ಸಂಗತಿಯನ್ನು ಇದುವರೆಗೆ ಯಾರೂ ಗಮನಿಸದೇ ಇದ್ದದ್ದು ಅವರಿಗೆ ಆಶ್ಚರ್ಯವಂತೆ.

ಆಮೇಲೆ ಅವರ ಕಣ್ಣು ಮೀಟರಿನ ಮೇಲೆ ಬಿತ್ತು. ಮುಳ್ಳು ಕಾಲು ಗೆರೆಯ ಹತ್ತಿರ ಬಂದಿತ್ತು.

"ಪಂಪು ಬಂತು" ಅಂದರು.

"ನೋಡಿದೆ ರೀ" ಅಂತ ಅಕ್ಕ ಮುಂದೆ ಹೋದಳು.

ಎರಡನೆಯ ಪಂಪು ಬಂದಾಗ ಭಾವ ಬಲಗಾಲಿನಿಂದ ನೆಲದ ಮ್ಯಾಟನ್ನು ಮಾತ್ರ ಜೋರಾಗಿ ಒತ್ತಿ ಹಿಡಿದಿದ್ದರು. ಅದು ಹಿಂದಾದ ಮೇಲೆ ಕಾಲು ಸಡಿಲಿಸಿದರು. ಕಿಟಕಿಯ ಗಾಜು ಇಳಿಸಿ ಮೊಣಕೈ ಹೊರಗಿಟ್ಟರು. ಈ ಗಾಡಿಯ ಈ ಪಕ್ಕದಿಂದ ರಸ್ತೆ ಹೇಗೆ ಕಾಣುತ್ತದೆ ಅಂತ ಅವರು ನೋಡಿಯೇ ಇರಲಿಲ್ಲ. ಎಷ್ಟೊಂದು ಅಂಗಡಿಗಳಿವೆ ಈ ಬೀದಿಯಲ್ಲಿ ಅಂದರು. ಅರ್ತ್‌ನ ವಿಚಾರ ಮತ್ತೆ ಶುರು ಮಾಡಿ, ಬಣ್ಣ ಹೊಡೆಯುವವರು ಎಚ್ಚರ ವಹಿಸಬೇಕಾದ ಸ್ಥಳಗಳನ್ನು ನನಗೆ ಬೆರಳು ಮಡಚಿ ಹೇಳುತ್ತಿದ್ದರು. ನಾಲ್ಕನೆಯ ಬೆರಳಿಗೆ ಬಂದಿದ್ದಾಗ ಅಕ್ಕ ಇಂಡಿಕೇಟರ್ ಹಾಕಿ, ಮೂರನೆಯ ಪಂಪಿನ ಕಡೆಗೆ ಗಾಡಿ ತಿರುಗಿಸಿದಳು.

ಭಾವ ತಲೆಯೆತ್ತಿ ನೋಡಿದರು.

"ಇಲ್ಯಾಕೆ ತಿರುಗಿಸ್ತೀಯ?" ಅಂದರು. "ಇನ್ನೂ ಇದೆಯಲ್ಲ."